ಗಾಡಿಯೊಳಗಿನ ದನಿ

ಕುಡಿದು ಗಾಡಿ ಓಡಿಸಿ ತೀರಿಕೊಂಡ ಹುಡುಗರ ದನಿಯನ್ನು ಹೊಸ ಬೈಕುಗಳಿಗೆ ಹಾಕುವುದು ಆ ಕಾಲದ ಪದ್ಧತಿ. ಸವಾರನ ಉಸಿರಿನಲ್ಲಿ ಮದ್ಯದ ವಾಸನೆ ಬಂದರೆ ಮಾತ್ರ ಅದು ಮಾತಾಡುತ್ತಿತ್ತು. ಪಂಕಜಮ್ಮನ ಪಕ್ಕದ ಮನೆಯ ಲಿಖಿತನ ಬೈಕಿಗೆ ಬಂದದ್ದು ಆಕೆಯ ಮಗ ಶ್ರೀವತ್ಸನ ದನಿ. ಅಮ್ಮನ ಪಕ್ಕ ಕೂತು ಮಹಾಭಾರತದ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದ ಹುಡುಗ, ಗೆಳೆಯರು ಹಂಗಿಸಿದರೆಂದು ಬಿಯರ್ ಕುಡಿದು ಬೈಕು ಹತ್ತಿ ಹೊರಟಿದ್ದ.

"ಅವನು ಮಾತಾಡಿದ್ನೇನೋ?" ಎಂದು ಪಂಕಜಮ್ಮ ಲಿಖಿತನನ್ನು ಆಗಾಗ ಕೇಳುವಳು.

"ನಾನು ಕುಡಿಯಲ್ವಲ್ಲ ಆಂಟಿ, ಅವನ್ಯಾಕೆ ಮಾತಾಡ್ತಾನೆ?"

"ಒಳ್ಳೇದಾಯ್ತು ಕಣಪ್ಪ," ಎಂದು ಹರಸಿ, ಒಳಗೆ ಹೋಗಿ ಅಳುವಳು.

ಒಂದು ಸಂಜೆ ಸೆರಗಿನಡಿ ಮದ್ಯದ ಸಣ್ಣ ಬಾಟಲಿ ಮುಚ್ಚಿಕೊಂಡು ಬಂದವಳು, ಅದನ್ನು ತೋರಿಸಿ, ತನ್ನನ್ನು ಬೈಕಿನ ಮೇಲೆ ಕೂರಿಸೆಂದಳು.

"ಆಂಟಿ! ಈರುಳ್ಳೀನೂ ಮುಟ್ಟದೋರು ನೀವು!"

"ದೇವರಿಗೆ ಹೇಳ್ಬಿಟ್ಟೇ ಬಂದಿದ್ದೀನಿ. ನೀನು ಗಾಡಿ ಬೀಳದ ಹಾಗೆ ಹಿಡ್ಕೋ."

ಮೂಗು ಮುಚ್ಚಿಕೊಂಡು ಒಂದು ಗುಟುಕು ನುಂಗಿದಳು. ಗಂಟಲು ಉರಿದು ಕೆಮ್ಮು ಒತ್ತರಿಸಿ ಬಂತು. ಆ ಕೆಮ್ಮಿಗೇ ಬೈಕು ಎಚ್ಚೆತ್ತಿತು.

"ಕುಡಿದಿದ್ದೀರಿ. ದಯವಿಟ್ಟು ಇಳೀರಿ. ಮನೇಲಿ ಅಮ್ಮ ಕಾಯ್ತಿರ್ತಾಳೆ."

"ಇಲ್ಲೇ ಇದ್ದೀನಿ ಕಣೋ," ಎಂದಳು ಪಂಕಜಮ್ಮ.

"ದಯವಿಟ್ಟು ಇಳೀರಿ," ಎಂದಿತು ಮತ್ತೆ. ಇಳಿದರೆ ದನಿ ನಿಂತುಹೋಗುತ್ತದೆಂದು ಆಕೆ ಇಳಿಯಲೇ ಇಲ್ಲ.