ಜೋಡಿ ಚುಕ್ಕೆಗಳು

ಪಕ್ಕದಲ್ಲಿ ಯಾರಾದರೂ ಸುಳ್ಳಾಡಿದರೆ ಪ್ರೋಟೀನ್ ಹರಳು ಒಳಗೇ ಸೀಳಿಹೋಗುತ್ತದೆ. ಹಾಗಾಗಿ ಆ ಪ್ರಯೋಗಾಲಯದಲ್ಲಿ ಉಣ್ಣದೆ ‘ಊಟ ಆಯ್ತು’ ಎನ್ನುವವರೂ ಇರಲಿಲ್ಲ. ಆದರೂ ಸೋಮವಾರ ಒಂದು ಹರಳಿನ ಎಕ್ಸ್-ರೇ ಚಿತ್ರದಲ್ಲಿ ಚುಕ್ಕೆಗಳೆಲ್ಲ ಜೋಡಿಯಾಗಿ ಮೂಡಿದವು; ಹರಳು ಸೀಳಿಹೋಗಿದ್ದರ ಗುರುತು ಅದು. ಪ್ರಯೋಗಾಲಯದ ಮುಖ್ಯಸ್ಥೆ ಮೃಣಾಲಿನಿ ಒಬ್ಬೊಬ್ಬರನ್ನೇ ಕರೆದು ವಿಚಾರಿಸತೊಡಗಿದಳು. ಅಂದಿನಿಂದ ಒಂದು ಹರಳೂ ನೆಟ್ಟಗಿಲ್ಲ.

ಕೊನೆಗೆ ಉಳಿದವನು ಫಣೀಂದ್ರ. ಅವನ ಮೇಲೇ ಅವಳಿಗೆ ಗುಮಾನಿ. ಹೊಸ ಹರಳನ್ನು ಯಂತ್ರಕ್ಕೇರಿಸಿ, ಪರದೆಯ ಮೇಲೆ ಕಣ್ಣಿಟ್ಟೇ ಕೇಳಿದಳು:

“ಫಣೀಂದ್ರ, ಇಲ್ಲಿ ಏನಾದ್ರೂ ಸುಳ್ಳು ಹೇಳಿದ್ರಾ?”

“ಇಲ್ಲ ಮೇಡಂ.”

ಚುಕ್ಕೆಗಳು ಒಂಟಿಯಾಗಿಯೇ ಉಳಿದವು.

ಅವನ ಮುಖ ಸಣ್ಣದಾಯಿತು. “ನನ್ ಮೇಲೆ ಅನುಮಾನಾನಾ?”

“ಛೆ ಛೆ, ನಿಮ್ಮ ಮೇಲೆ ಅನುಮಾನ ಪಡ್ತೀನಾ? ಸುಮ್ನೆ ಕೇಳ್ದೆ ಅಷ್ಟೆ.”

ಪರದೆಯ ಮೇಲೆ ಒಂದೊಂದು ಚುಕ್ಕೆಯೂ ಮೆಲ್ಲಗೆ ಎರಡಾಯಿತು.

ಫಣೀಂದ್ರ ಅದನ್ನೇ ನೋಡುತ್ತ ಕೇಳಿದ: “ಮೇಡಂ, ಈ ವಾರ ಎಲ್ರಿಗೂ ಹೀಗೇ ಹೇಳ್ಕೊಂಡು ಬಂದ್ರಾ?”