ಮೋತಿಯ ಬಾಟಲಿ

ನಾಯಿಯ ಉಚ್ಚೆ ಹಿಡಿಯಲು ಗಂಡ ತಾನೇ ಬಾಟಲಿ ಹಿಡಿದು ಹೊರಟಾಗಲೇ ರಂಜನಾಳಿಗೆ ಅನುಮಾನ ಬಂದಿತ್ತು. ಮೋತಿಗೆ ಒಂದು ದಿನವಾದರೂ ರೊಟ್ಟಿಯ ಚೂರು ಹಾಕಿದವನಲ್ಲ ಈ ಪ್ರಲ್ಹಾದ. ನೂಲಿಗೆ ಬಣ್ಣ ಹಾಕುವ ಕೋಣೆಯ ಬಾಗಿಲಲ್ಲಿ ಅದು ಮಲಗಿದರೆ ಕಾಲಿನಿಂದಲೇ ಸರಿಸುವ ಮನುಷ್ಯ. ಅಂಥವನು ಬೆಳಗಿನ ಚಹಾ ಬಿಟ್ಟು ನಾಯಿಯ ಹಿಂದೆ ಹಿತ್ತಿಲಿಗೆ ಹೋದ. ಬಂದವನು ಬಾಟಲಿಯನ್ನು ಅವಳಿಗೆ ಮುಟ್ಟಗೊಡದೆ ಪೇಪರಿನಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಕೊಟ್ಟು ಬಂದ.

ಮೋತಿಯ ಉಚ್ಚೆಯಲ್ಲಿ ರಕ್ತ ಹೋಗುತ್ತಿದ್ದದ್ದು ಎಷ್ಟೋ ದಿನ ಯಾರಿಗೂ ತಿಳಿದಿರಲಿಲ್ಲ. ಬೆಟಗೇರಿಯ ಆ ಮನೆಯಲ್ಲಿ ಅಂಗಳ, ಬಚ್ಚಲು, ಗಟಾರ ಎಲ್ಲೆಲ್ಲೂ ಬಣ್ಣದ ನೀರು. ಕೆಂಪು ಕಂಡರೆ ಸೀರೆಯ ಅಂಚಿನ ನೂಲು ತೊಳೆದಿರಬೇಕು ಅಂದುಕೊಂಡು ದಾಟಿ ಹೋಗುವುದೇ ರೂಢಿ. ಕಡೆಗೊಮ್ಮೆ ಗೊತ್ತಾಗಿ ನಾಯಿಯನ್ನು ಒಯ್ದು ತೋರಿಸಿದಾಗ ಡಾಕ್ಟರ್ ಜಾಸ್ಮಿನ ಹೇಳಿದ್ದರು:

“ಉಚ್ಚಿ ಚೀಲದಾಗ ಗಡ್ಡಿ ಇರಬೇಕು. ಕ್ಯಾನ್ಸರ್ ಇದ್ರ ಜೀನಿನಾಗ ಒಂದು ಬದಲಾವಣಿ ಆಗಿರತೈತಿ. ಉಚ್ಚಿ ಲ್ಯಾಬಿಗೆ ಕಳಿಸಿದ್ರ ಬಹಳ ಸಲ ಅದರಾಗನ ಗೊತ್ತಾಗತೈತಿ.”

“ಕೊಯ್ಯೂದು, ನಳಗಿ ಹಾಕೂದು ಏನೂ ಇಲ್ಲೇನ್ರಿ?” ಎಂದು ಪ್ರಲ್ಹಾದ ಎರಡೆರಡು ಸಲ ಕೇಳಿದ್ದ. ಅಲ್ಲಿಯತನಕ ನಾಯಿಗೆ ಇಷ್ಟೆಲ್ಲ ಯಾಕೆ ಎಂದು ಗೊಣಗುತ್ತಿದ್ದವನು ಆಮೇಲೆ ತಾನೇ ಮುಂದಾದ. ಅವಳಿಗೆ ಅದೇ ಬಗೆಹರಿಯದ್ದು.

ಇವತ್ತು ರಂಜನಾ ಕಂಡಿಕೆಗೆ ಹಸಿರು ನೂಲು ಸುತ್ತುತ್ತ ಕೂತಿದ್ದಳು. ದೊಡ್ಡದೊಂದು ಆರ್ಡರ್ ಬಂದು, ವಾರದಿಂದ ಮನೆಯಲ್ಲಿ ಹಸಿರು ಬಿಟ್ಟು ಬೇರೆ ಬಣ್ಣವೇ ಕುದ್ದಿರಲಿಲ್ಲ. ಆಗ ಡಾಕ್ಟರ ಫೋನ್ ಬಂತು.

“ಆ ಬಾಟ್ಲಿ ಯಾರು ತುಂಬಿದ್ರಿ?”

“ನಮ್ಮ ಮನಿಯವ್ರು. ಯಾಕ್ರಿ ಮೇಡಂ?”

“ಅದು ನಾಯಿದ ಅಲ್ಲಂತ. ಮನಷ್ಯಾರದು ಅಂತ ಲ್ಯಾಬಿನವ್ರು ಹೇಳ್ಯಾರ. ಜಲ್ದಿ ಮತ್ತೊಮ್ಮೆ ಹಿಡದು ಕೊಡ್ರಿ. ಮೋತಿಗೆ ತಡಾ ಆಗಬಾರ್ದು.”

ರಂಜನಾಳ ಸಿಟ್ಟು ನೆತ್ತಿಗೇರಿತು. ಅನುಮಾನ ಸುಳ್ಳಾಗಿರಲಿಲ್ಲ! ನಾಯಿಯ ಹಿಂದೆ ಅಲೆಯಲು ಬೇಸರಪಟ್ಟು ಈ ಭೂಪ ತನ್ನದನ್ನೇ ತುಂಬಿ ಕೊಟ್ಟಿದ್ದಾನೆ. ನೂಲು ಅಲ್ಲೇ ಒಗೆದು ಹಿಂದಕ್ಕೆ ಹೋದಳು. ಪ್ರಲ್ಹಾದ ಆಗಷ್ಟೇ ಬಚ್ಚಲಿನಿಂದ ಹೊರಗೆ ಬರುತ್ತಿದ್ದ.

“ಮೋತಿ ಸಾಯಬೇಕಂತ ಮಾಡೀರೇನು? ಅದರ ಬಾಟ್ಲ್ಯಾಗ ನಿಮ್ಮ ಉಚ್ಚಿ ತುಂಬಿ ಕೊಟ್ಟೀರಲ್ಲ, ನಾಚಿಗಿ ಆಗಲಿಲ್ಲ?”

ಯಾವಾಗಲೂ ಮೈಮೇಲೆ ಬರುವ ಗಂಡ ಇವತ್ತು ಬಾಯಿ ಮಾಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ:

“ಏನಂದ್ರು? ಐತಂತೇನು?”

“ಏನು ಐತಿ? ಯಾರಿಗೆ?”

ಅವನು ಒಮ್ಮೆ ಬಚ್ಚಲಿನ ಕಡೆ ಹೊರಳಿ ನೋಡಿದ. ರಂಜನಾ ಅವನನ್ನು ದಾಟಿ ಬಚ್ಚಲಿನೊಳಗೆ ಇಣುಕಿದಳು. ಕಲ್ಲಿನ ಮೇಲೆ ಕೆಂಪು ನೀರು ತೂಬಿನ ಕಡೆಗೆ ನಿಧಾನ ಹರಿಯುತ್ತಿತ್ತು.

“ಬಣ್ಣಾ ಅದು. ಕೈ ತೊಳಕೊಂಡೆ,” ಎಂದು ಪ್ರಲ್ಹಾದ ಗಡಬಡಿಸಿ ತಂಬಿಗೆಗೆ ಕೈ ಹಾಕಿದ.

ಅವಳು ಆ ಕೈಯನ್ನೇ ನೋಡಿದಳು. ಬೆರಳಿನಿಂದ ಮೊಣಕೈವರೆಗೂ ಅದು ಹಸಿರಾಗಿತ್ತು.