ಖಾಲಿ ಹಾಳೆಯ ಪಂಚನಾಮೆ

"'ಖಾಲಿ ಹಾಳೆಗೆ ಪಂಚರು ಸಹಿ ಹಾಕುವುದು ನಂಬಲಾಗದ ಕಟ್ಟುಕಥೆ.' ಹೀಂಗ ಬರದೀರಲ್ರಿ ಅಕ್ಕಾರ?" ನಿವೃತ್ತ ಹವಾಲ್ದಾರ ಗುಡ್ಡಪ್ಪ ಪತ್ರಿಕೆಯ ಆ ಸಾಲಿನ ಮೇಲೆ ಬೆರಳೂರಿದರು. ಅವರು ಬರೆದ ಪೊಲೀಸ್ ಕಾದಂಬರಿ ಮಾಲೆಯ ಮೂರನೆಯ ಪುಸ್ತಕವನ್ನು ಶೈಲಶ್ರೀ ಭಾನುವಾರದ ಪುರವಣಿಯಲ್ಲಿ ವಿಮರ್ಶಿಸಿದ್ದಳು.

"ಜಪ್ತಿ ಆದ ಮ್ಯಾಲ ಸಾಕ್ಷಿಗೆ ನಿಂತ ಪಂಚರಿಗೆ ಪಂಚನಾಮೆ ಓದಿ ಹೇಳಿ ಸಹಿ ತಗೋಬೇಕ್ರಿ. ಹಂಗ ಮಾಡಿಲ್ಲ ಅನ್ನಾಕ ಪುರಾವೆ ಕೊಡ್ರಿ, ತಿದ್ದುಪಡಿ ಹಾಕ್ತೇನಿ," ಎಂದಳು ಶೈಲಶ್ರೀ.

ಚಹಾ ತಂದ ಅವಳ ಅಪ್ಪ ಕರಬಸಪ್ಪನನ್ನೇ ಗುಡ್ಡಪ್ಪ ದಿಟ್ಟಿಸಿದರು. ಕರಬಸಪ್ಪ ಕಪ್ಪು-ಬಸಿಯನ್ನು ಮೇಜಿನ ಮೇಲಿಟ್ಟ.

"ತಡಸ ಊರಿನ ಕಳವಿನ ಕೇಸಿನ್ಯಾಗ ನಾನು ಪಂಚ ಇದ್ದೆ," ಎಂದ ಆತ, ಮಗಳತ್ತ ನೋಡದೆ. "ಈ ಹವಾಲ್ದಾರ್ರು ಖಾಲಿ ಹಾಳಿ ಕೊಟ್ರು, ಸಹಿ ಮಾಡಿ ಸಂತಿಗೆ ಹೋದೆ. ಪೊಲೀಸರಿಗೆ ಇಲ್ಲ ಅನ್ನಾಕ ಆಗ್ತೈತೇನು? ಕೋರ್ಟಿನ್ಯಾಗ ಜಪ್ತಿ ಮಾಡಿದ್ದು ಕಣ್ಣಾರೆ ಕಂಡೇನಿ ಅಂದೆ. ಆ ಮಾತಿಗೆ ನಮ್ಮೂರ ಭರಮವ್ವನ ಗಂಡ ಮೂರು ವರ್ಷ ಜೈಲಿನ್ಯಾಗಿದ್ದ."

ಶೈಲಶ್ರೀ ಪೆನ್ನು ತೆಗೆದಳು. ಹೇಳಿದವರ ಹೆಸರಿಲ್ಲದೆ ಅವಳು ಒಂದು ಸಾಲನ್ನೂ ಅಚ್ಚಿಗೆ ಕಳಿಸಿದವಳಲ್ಲ.

"ಅಪ್ಪಾ, ತಿದ್ದುಪಡಿಯಾಗ ನಿನ್ನ ಹೆಸರು ಹಾಕ್ಲೇನು?"

ಗುಡ್ಡಪ್ಪ ಗಡಬಡಿಸಿ ಎದ್ದರು. "ಬ್ಯಾಡ್ರಿ ಅಕ್ಕಾರ, ಕಾದಂಬರಿ ಅಂತ ಬಿಟ್ಟಬಿಡ್ರಿ."

ಕರಬಸಪ್ಪ ಕುರ್ಚಿ ಎಳೆದು ಕುಳಿತ. "ಹಾಕವ್ವ. ಸಹಿ ತಗೊಂಡವ್ರ ಹೆಸರನ್ನೂ ಹಾಕು."